ಸೀಮೆ ಹೋರಿಯ ಆಯ್ಕೆ

ಬೇಟೆಯಾಡಿ ದಣಿದ ತೋಳವೊಂದು ಮಾಂಸಕ್ಕಾಗಿ ಗಿಡ್ಡ ತಳಿಯ ಹಸುಗಳ ಹಿಂಡು ಕಟ್ಟಿತು. ಕರುಗಳು ದಪ್ಪಗೆ ಹುಟ್ಟಲೆಂದು, ಹೋರಿ ಆರಿಸುವ ಕೆಲಸವನ್ನು ನರಿಗೆ ವಹಿಸಿತು. ನರಿ ಶಾಸ್ತ್ರೋಕ್ತವಾಗಿ ಹಲ್ಲು ಎಣಿಸಿ, ಮೈಮೇಲಿನ ಸುಳಿಗಳನ್ನು ನೋಡಿ, ಆನೆಗಾತ್ರದ ಸೀಮೆ ಹೋರಿಯೊಂದನ್ನು ಒಪ್ಪಿತು.

ಹಿಂಡಿನ ಸಭೆಯಲ್ಲಿ ಮುದಿ ಹಸು ಕೆಂಚಿ ಅಡ್ಡ ನಿಂತಿತು. "ನರಿಯಪ್ಪ, ಹೋರಿಯ ಸುಳಿ ನೋಡಿದೆ, ಸರಿ. ನನ್ನ ಮಗಳ ಸೊಂಟ ನೋಡಿದೆಯಾ? ಅವಳಿನ್ನೂ ಒಂದೂ ಕರು ಹಾಕದ ಕಡಸು. ಅಷ್ಟು ದೊಡ್ಡ ಕರು ಅವಳ ಹೊಟ್ಟೆಯಿಂದ ಹೊರಗೆ ಬರುವುದು ಹೇಗೆ?"

"ತಳಿಯ ವಿಚಾರ ತಿಳಿದವರಿಗೆ ಬಿಡಜ್ಜಿ," ಎಂದಿತು ನರಿ.

"ತಿಳಿದವರಂತೆ! ನಾನು ಹನ್ನೊಂದು ಹೆತ್ತಿದ್ದೇನೆ. ನೀನೆಷ್ಟು ಕರು ಹಾಕಿದ್ದೀಯೋ?"

ತೋಳ ಕೆಂಚಿಯತ್ತ ಹಲ್ಲು ಮಸೆಯಿತು. ಸಭೆ ಮುಗಿಯಿತು.

ಒಂಬತ್ತು ತಿಂಗಳಾದ ಮೇಲೆ ಕಡಸಿಗೆ ಹೆರಿಗೆ ನೋವು ಬಂತು. ಕರು ಸಿಕ್ಕಿಕೊಂಡಿತು. ಎರಡು ದಿನ ನರಳಿ ಕಡಸು ಸತ್ತಿತು, ಕರುವೂ ಉಳಿಯಲಿಲ್ಲ. ಕೆಂಚಿ ನರಿಯನ್ನು ಕೊಂಬುಗಳ ನಡುವೆ ಬಂಡೆಗೆ ಒತ್ತಿಹಿಡಿದು, "ಈಗ ಹೇಳೋ!" ಎಂದು ಅಬ್ಬರಿಸಿತು.

ನರಿ ಅಲ್ಲಿಂದಲೇ ಗಂಟಲು ಸರಿಪಡಿಸಿಕೊಂಡು ತೋಳಕ್ಕೆ ವರದಿ ಒಪ್ಪಿಸಿತು: "ಪ್ರಭು, ತಳಿಯಲ್ಲಿ ಯಾವ ದೋಷವೂ ಇಲ್ಲ. ಹಸು ಸಹಕರಿಸಲಿಲ್ಲ."