ದೆಹಲಿಗೆ ಕೋಪ ಬಂದ ದಿನ

ಹಿಮಾಲಯ ದಾಟಿ ಬಂದ ಹೆಬ್ಬಾತೊಂದು ತನ್ನ ಎರಡು ಮರಿಗಳೊಡನೆ ದೆಹಲಿಯ ಯಮುನಾ ತೀರಕ್ಕೆ ಇಳಿಯುತ್ತಿತ್ತು. ಅಷ್ಟರಲ್ಲಿ ಸೇತುವೆಯ ಮೇಲೆ ಕೂತಿದ್ದ ಕಾಗೆ ಕೂಗಿಕೊಂಡಿತು:

"ಇಳಿಯಬೇಡ! ಇವತ್ತಿನ ಇಂಗ್ಲಿಷ್ ಪತ್ರಿಕೆ ನೋಡಿದೆ. ಹೊರದೇಶದವರ ಮೇಲೆ ದೆಹಲಿಗೆ ಕೋಪ ಬಂದಿದೆಯಂತೆ."

ಹೆಬ್ಬಾತು ಬೆದರಿ ಮತ್ತೆ ಮೇಲಕ್ಕೇರಿತು. "ಅಮ್ಮಾ, ಇನ್ನು ಹಾರಲಾರೆ" ಎಂದಿತು ಕಿರಿಯ ಮರಿ.

ನೀರಿನಲ್ಲಿ ಮಲಗಿದ್ದ ಎಮ್ಮೆ ತಲೆಯೆತ್ತಿತು. "ಕಾಗಣ್ಣ, ಯಾರಿಗಪ್ಪಾ ಕೋಪ? ನಾನು ಹುಟ್ಟಿದ್ದು ಇಲ್ಲೇ, ನನಗಂತೂ ಇಲ್ಲ. ಮೂಲಂಗಿ ಬೆಳೆಯುವ ಫೂಲ್ವತಿಗೂ ಇಲ್ಲ, ಬೆಳಿಗ್ಗೆ ತಾನೇ ನನ್ನ ಕೊರಳು ತುರಿಸಿ ಹೋದಳು. ಸುದ್ದಿ ಪೂರ್ತಿ ಓದು."

ಕಾಗೆ ಕಾಲಡಿಯಲ್ಲಿದ್ದ ಪತ್ರಿಕೆಯ ತಲೆಬರಹದ ಕೆಳಗಿನ ಸಾಲುಗಳನ್ನೂ ಓದಿ ನಾಚಿಕೊಂಡಿತು. "ಇಂಗ್ಲಿಷಿನಲ್ಲಿ ಸರ್ಕಾರವನ್ನೇ ದೆಹಲಿ ಅನ್ನುತ್ತಾರೆ. ಯಾವುದೋ ದೇಶ ಬರೆದ ಪತ್ರ ಸರ್ಕಾರಕ್ಕೆ ಹಿಡಿಸಿಲ್ಲ, ಅಷ್ಟೆ."

"ಹಾಗಾದರೆ ನಾವಿರುವ ಈ ಊರಿಗೆ ಏನನ್ನುತ್ತಾರೆ?"

"ಅದಕ್ಕೂ ದೆಹಲಿ ಅಂತಲೇ."

"ಪಾಪ, ಅವರ ಹತ್ತಿರ ಬೇರೆ ಹೆಸರಿಲ್ಲವೇನೋ" ಎಂದು ಎಮ್ಮೆ ಮೇಲೆ ನೋಡಿ ಕರೆಯಿತು: "ತಂಗೀ, ಇಳಿದು ಬಾ. ಮರಿಗಳು ನನ್ನ ಬೆನ್ನ ಮೇಲೆ ಸುಧಾರಿಸಿಕೊಳ್ಳಲಿ."

ಮರಿಗಳು ಇಳಿದು, ಎಮ್ಮೆಯ ಬೆಚ್ಚನೆಯ ಬೆನ್ನಿಗೆ ಒರಗಿ ಕಣ್ಣು ಮುಚ್ಚಿದವು. ಅಷ್ಟು ಹೊತ್ತಿಗೆ ಬಡಗಣ ಬಾನಿನಲ್ಲಿ ಇನ್ನೊಂದು ಹಿಂಡು ಕಾಣಿಸಿತು. ಕಾಗೆ ಪತ್ರಿಕೆ ಬಿಟ್ಟು ಎದುರಿಗೇ ಹಾರಿಹೋಗಿ ಕೂಗಿತು:

"ಬನ್ನಿ, ಬನ್ನಿ! ದೆಹಲಿ ನಿಮಗೆ ಜಾಗ ಮಾಡಿಕೊಟ್ಟಿದೆ!"