ಹಳೇಕಟ್ಟಿನವರೂ ಮೂರು ತಮಟೆಯೂ

ಸೂರಪ್ಪ ಮೊದಲ ಸಲ ಮನೆ ಬಿಟ್ಟು ನಡೆದದ್ದು ಒಂದು ನಾಗರಪಂಚಮಿಯ ಮರುದಿನ. ಮಠದ ಅಯ್ಯನವರು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. "ಒಂದಕ್ಕೆ ಹೋಗಿ ಬರ್ತೀನಿ ಅಯ್ನೋರೇ" ಅಂತ ಎದ್ದ ಹುಡುಗ ಹದಿನೆಂಟು ವರ್ಷವಾದರೂ ಹಿಂದಿರುಗಲಿಲ್ಲ. ಊರೂರು ತಿರುಗಿ, ಕೊನೆಗೆ ಗಿಡ್ಡನಕೋಟೆಯ ಪಾಳೆಯಗಾರ ಬೈರನಾಯಕರ ಚಾವಡಿಯಲ್ಲಿ ಬರೀ ನಾಲಗೆಯ ಬಲದಿಂದ ಅನ್ನ ಸಂಪಾದಿಸಿಕೊಂಡಿದ್ದ.

ಗಿಡ್ಡನಕೋಟೆಯನ್ನು ಆಳುತ್ತಿದ್ದದ್ದು ಹೆಸರಿಗೆ ನಾಯಕರು, ನಿಜಕ್ಕೆ ಹಳೇಕಟ್ಟಿನವರು. ತೀರಿಹೋದ ದೊಡ್ಡನಾಯಕರ ಕಾಲದಲ್ಲಿ ಹೇಗಿತ್ತೋ ಎಲ್ಲವೂ ಹಾಗೇ ಇರಬೇಕು ಎನ್ನುವುದು ಇವರ ಹಟ. ಹೊಸದೆಲ್ಲ ಕೆಟ್ಟದ್ದು ಎನ್ನುವುದರಲ್ಲಿ ತಕರಾರಿರಲಿಲ್ಲ. ಹಳೆಯದು ಯಾವುದು ಎನ್ನುವುದರಲ್ಲೇ ಹೊಡೆದಾಟ. ದೊಡ್ಡನಾಯಕರು ಕೋಟೆ ಬಾಗಿಲು ಹಾಕಿಸುತ್ತಿದ್ದದ್ದು ದೀಪ ಹಚ್ಚುವ ಮೊದಲು ಎನ್ನುವವರು ಪಟೇಲ ರುದ್ರೇಗೌಡರ ಕಡೆ. ಹಚ್ಚಿದ ಮೇಲೆ ಎನ್ನುವವರು ದಳವಾಯಿ ಸೋಮರಾಜಯ್ಯನ ಕಡೆ. ಕೋಟೆಯ ಹೊರಗೆ ಶತ್ರು ಅಂತ ಒಬ್ಬನಿದ್ದಾನೆ ಎನ್ನುವುದನ್ನು ಇಬ್ಬರೂ ಮರೆತು ಬಹಳ ದಿನವಾಗಿತ್ತು. ಒಬ್ಬರನ್ನೊಬ್ಬರು "ಬೆರಕೆ ಹಳಬ" ಎಂದು ಬೈಯುವುದೇ ನಿತ್ಯದ ರಾಜಕಾರ್ಯ.

ಅರಮನೆಯ ಡಂಗುರದ ನಿಂಗಯ್ಯನ ಮಾತನ್ನು ಇಬ್ಬರೂ ನಂಬುತ್ತಿರಲಿಲ್ಲ. ತಂತಮ್ಮ ಬೀದಿಗೆ ತಂತಮ್ಮದೇ ತಮಟೆಯವರನ್ನು ಇಟ್ಟುಕೊಂಡಿದ್ದರು. ಅದೂ ಸಾಲದೆ ಒಂದು ದಿನ ನಾಯಕರ ಮುಂದೆ ಬಂದು ನಿಂತರು.

"ಪ್ರಭು, ಈ ನಿಂಗಯ್ಯ ನನ್ನ ಮಾತು ತಿರುಚ್ತಾನೆ," ಎಂದರು ಗೌಡರು.

"ಗೌಡರ ಮಾತು ಬಿಡಿ, ಅದು ಹುಟ್ಟಾ ಸೊಟ್ಟ. ನೆಟ್ಟಗಿರೋ ನನ್ನ ಮಾತನ್ನೂ ತಿರುಚ್ತಾನೆ!" ಎಂದ ದಳವಾಯಿ. "ಅವನ ತಮಟೆ ಹರಿಸಿ, ಹೆಂಡತಿ ಸಮೇತ ಕೋಟೆ ದಾಟಿಸಿ. ನಿಜ ಸಾರೋಕೆ ನನ್ನ ತಮಟೆ ಒಂದೇ ಸಾಕು."

"ನನ್ನದು ಒಂದೇ ಸಾಕು!"

ಮೂಲೆಯಲ್ಲಿ ನಿಂಗಯ್ಯ ತಮಟೆಯನ್ನು ಎದೆಗವಚಿಕೊಂಡು ನಿಂತಿದ್ದ. ನಾಯಕರು ಸೂರಪ್ಪನತ್ತ ತಿರುಗಿದರು.

"ನಾಳೆ ಸಂಜೆಯೊಳಗೆ ಮೂರರಲ್ಲಿ ಯಾವ ತಮಟೆ ನಿಜ ಹೇಳುತ್ತದೆ ಅಂತ ನನಗೆ ತೋರಿಸು. ಆಗದಿದ್ದರೆ ನಿಂಗಯ್ಯ ಹೊರಡಲಿ."

"ತಾವು ಕಣ್ಣು ಮುಚ್ಚಿದ್ದರೂ ಕಾಣೋ ಹಾಗೆ ತೋರಿಸ್ತೀನಿ ಪ್ರಭು. ನಾಳೆ ಊಟವಾದ ಮೇಲೆ ತಾವೊಬ್ಬರೇ ಒಳಚಾವಡಿಗೆ ಹೋಗಿ. ಬಾಗಿಲು ಓರೆ ಮಾಡಿರಲಿ, ಯಾರು ಬೇಕಾದರೂ ಇಣುಕಲಿ. ಒಳಗೆ ನಡೆದದ್ದನ್ನು ಮೂರೂ ತಮಟೆಯವರು ಸಾರಲಿ."

"ಒಳಗೆ ನಾನೇನು ಮಾಡಬೇಕು?"

"ಮನಸ್ಸಿಗೆ ಬಂದದ್ದು ಮಾಡಿ. ನನಗೂ ಹೇಳಬೇಡಿ."

ಚಾವಡಿ ದಾಟಿದ ಮೇಲೆ ನಿಂಗಯ್ಯ ಸೂರಪ್ಪನ ಕೈ ಹಿಡಿದುಕೊಂಡ. "ನನ್ನನ್ನ ಉಳಿಸಪ್ಪಾ."

"ನೀನೂ ಸಾಚಾ ಅಲ್ಲ ಕಣಯ್ಯ. ಹೋದ ವರ್ಷ ತೂಬಿನಲ್ಲಿ ಹನಿ ಸೋರಿದ್ದಕ್ಕೆ ಕೆರೆ ಒಡೀತು ಅಂತ ಊರೆಲ್ಲ ಓಡಿಸಿದೆ. ನಾಳೆ ಕಂಡದ್ದಷ್ಟೇ ಸಾರು. ಉಪ್ಪು ಖಾರ ಹಾಕಿದೆಯೋ, ನಿನ್ನ ಬಾಯಿಗೆ ನಾನೇ ಬಟ್ಟೆ ತುರುಕ್ತೀನಿ."

ಮರುದಿನ ನಾಯಕರು ಎರಡು ರಾಗಿಮುದ್ದೆ, ಹುರುಳಿ ಸಾರು ಮುಗಿಸಿ ಇನ್ನೂ ಮಜ್ಜಿಗೆಗೆ ಕೈ ಹಾಕಿರಲಿಲ್ಲ. ಆಗಲೇ ಪೂರ್ವದ ಬೀದಿಯಲ್ಲಿ ಗೌಡರ ತಮಟೆ ಎದ್ದಿತು: "ಕೇಳ್ರಪ್ಪೋ! ಪ್ರಭುಗಳು ಗೌಡರನ್ನು ಒಳಗೆ ಕರೆದು ತಬ್ಬಿಕೊಂಡರು! ದಳವಾಯಿಗೆ ಛೀಮಾರಿ ಹಾಕಿದರು!"

ಪಶ್ಚಿಮದ ಬೀದಿಯಲ್ಲಿ ದಳವಾಯಿಯ ತಮಟೆ: "ಪ್ರಭುಗಳು ದಳವಾಯಿಗಳ ಮುಂದೆ ಕಣ್ಣೀರಿಟ್ಟರು! ಗೌಡರನ್ನು ಒದ್ದು ಓಡಿಸಿದರು!"

ಒಳಚಾವಡಿಯ ಬಾಗಿಲಿಗೆ ಬಂದು ಇಣುಕಿದವನು ನಿಂಗಯ್ಯ ಒಬ್ಬನೇ. ಇಣುಕಿದ, ತಲೆ ಕೆರೆದುಕೊಂಡ, ಬೀದಿಗಿಳಿದು ಸಾರಿದ: "ಪ್ರಭುಗಳು ಮಲಗಿ ನಿದ್ದೆ ಮಾಡಿದರು. ಗೊರಕೆ ಬರುತ್ತಿತ್ತು. ಇಷ್ಟೇ."

ಸಂಜೆಯ ಹೊತ್ತಿಗೆ ಗಿಡ್ಡನಕೋಟೆ ಎಂದೂ ಕಾಣದ ನೋಟ ಕಂಡಿತು. ಗೌಡರೂ ದಳವಾಯಿಯೂ ಭುಜಕ್ಕೆ ಭುಜ ತಾಗಿಸಿಕೊಂಡು ಚಾವಡಿಗೆ ಬಂದರು.

"ನಿಂಗಯ್ಯ ಹೇಳಿದ್ದು ಹಸಿ ಸುಳ್ಳು ಪ್ರಭು! ದೊಡ್ಡನಾಯಕರ ವಂಶದವರು ಹಗಲು ಮಲಗೋದುಂಟೇ?" ಎಂದರು ಗೌಡರು.

ನಾಯಕರು ಮೀಸೆಯಡಿ ನಕ್ಕರು. "ನಾನೇ ಹೇಳ್ತಿದ್ದೀನಲ್ಲ ಗೌಡರೇ, ಮಲಗಿದ್ದೆ."

ಗೌಡರು ತಲೆ ಅಲ್ಲಾಡಿಸಿದರು. "ಪ್ರಭುಗಳಿಗೆ ಯಾರೋ ತಪ್ಪು ತಿಳಿಸಿದ್ದಾರೆ."

"ನನಗೇ?"

"ಹೌದು ಪ್ರಭು," ಎಂದು ದಳವಾಯಿ ದನಿಗೂಡಿಸಿದ. "ನಿದ್ದೆಯಲ್ಲಿದ್ದವರಿಗೆ ತಾವು ನಿದ್ದೆಯಲ್ಲಿದ್ದೀವಿ ಅಂತ ಹೇಗೆ ಗೊತ್ತಾಗಬೇಕು? ಆ ನಿಂಗಯ್ಯ ಸಾರಿದ್ದನ್ನೇ ತಾವೂ ನಂಬಿಬಿಟ್ಟಿರಿ!"

"ಇನ್ನೂ ಮಲಗಿದ್ದೆ ಅಂತಲೇ ಹೇಳೋದಾದರೆ," ಗೌಡರು ದನಿ ತಗ್ಗಿಸಿದರು, "ತಾವೂ ಹಳೇಕಟ್ಟು ಬಿಟ್ಟಿರಿ ಅಂತ ಊರಿಗೆ ತಿಳಿಸಬೇಕಾಗುತ್ತದೆ."

ನಾಯಕರ ನಗು ಹಾರಿಹೋಯಿತು. ಧಡಕ್ಕನೆ ಎದ್ದರು.

"ನನ್ನ ನಿದ್ದೆಯ ಲೆಕ್ಕ ನನಗೇ ಹೇಳಿಕೊಡ್ತೀರಾ! ಗೌಡರ ಪಟೇಲಿಕೆ ಹೋಯಿತು, ಸೋಮರಾಜಯ್ಯನ ದಳವಾಯಿಕೆ ಹೋಯಿತು! ಈಗಲೇ, ಈ ಗಳಿಗೆಯಿಂದಲೇ!"

ಇಬ್ಬರೂ ಧೊಪ್ಪನೆ ಕಾಲಿಗೆ ಬಿದ್ದು ಗೋಳಾಡತೊಡಗಿದರು. ಸೂರಪ್ಪ ಅವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ.

"ಯಾಕೆ ಸ್ವಾಮಿ ಅಳ್ತೀರಿ? ಇದನ್ನು ಊರಿಗೆ ಸಾರೋನು ನಿಂಗಯ್ಯ. ಅವನು ಹೇಳಿದ್ದನ್ನು ನೀವು ನಂಬೋದೇ ಇಲ್ಲವಲ್ಲ!"

ನಾಯಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಗಲ ಮೇಲಿನ ಜರಿ ಶಾಲನ್ನು ತೆಗೆದು ಸೂರಪ್ಪನ ಮೇಲೆ ಎಸೆದರು. ನಿಂಗಯ್ಯ ತಮಟೆ ಬಡಿಯುತ್ತಾ ಬೀದಿಗೆ ಓಡಿದ.

ಮರುದಿನ ಬೆಳಿಗ್ಗೆ ನಿಂಗಯ್ಯ ಬಂದು ನೋಡಿದರೆ ಸೂರಪ್ಪ ಅವಲಕ್ಕಿಯನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದ.

"ಎಲ್ಲಿಗಪ್ಪಾ? ಮರ್ಯಾದೆ ಸಿಕ್ಕಿದ ಮಾರನೇ ದಿನವೇ?"

"ಪೂರ್ವದ ಬೀದಿಯಲ್ಲಿ ನಾನು ದಳವಾಯಿಯ ಬೇಹುಗಾರ ಅಂತ ಸಾರ್ತಾವ್ರೆ. ಪಶ್ಚಿಮದ ಬೀದಿಯಲ್ಲಿ ಗೌಡರ ಬೇಹುಗಾರನಂತೆ." ಸೂರಪ್ಪ ಜರಿ ಶಾಲನ್ನು ನಾಲ್ಕು ಮಡಿಕೆ ಮಾಡಿ ಗಂಟಿನೊಳಗೆ ತುರುಕಿದ. "ಇನ್ನೆರಡು ದಿನ ಇಲ್ಲೇ ಇದ್ದರೆ ನಾನೂ ನಂಬಿಬಿಡ್ತೀನಿ ಮಾರಾಯ. ಆ ಹಗ್ಗ ಇತ್ತ ಕೊಡು."