ಕಾಳಿನ ಆಟದಲ್ಲಿ ಸೋತವಳು

ಇದನ್ನು ನನಗೆ ಮೊದಲು ಹೇಳಿದವರು ಗಿರಿಜಾಂಬ ಟೀಚರ್. ಅವರ ಬಾಲವಾಡಿಯಲ್ಲಿ ನಾನು ಕೆಲಸ ಕಲಿಯುತ್ತಿದ್ದ ವರ್ಷ, ಒಂದು ಮಧ್ಯಾಹ್ನ ಅವರನ್ನು ಕೇಳಿದೆ:

"ಟೀಚರ್, ಹುಣಸೆಬೀಜ ಎಣಿಸುವ ಆಟದಲ್ಲಿ ಮಕ್ಕಳು ಗೆಲ್ಲಲಿ ಅಂತ ನಾನೇ ತಪ್ಪು ಎಣಿಸ್ತೀನಿ. ಈಗ ಅವು ಮನೆಗೆ ಹೋಗಿ, ನಮ್ಮ ಮಿಸ್ಸಿಗೆ ಹತ್ತರ ತನಕ ಎಣಿಸೋಕೆ ಬರಲ್ಲ ಅಂತಿವೆ. ಬಿ.ಎ. ಮಾಡಿದವಳು ನಾನು! ಬೇಕಂತಲೇ ಸೋತೆ ಅಂತ ಹೇಳಿಬಿಡಲಾ?"

ಟೀಚರ್ ನಗಲಿಲ್ಲ. ಕತೆ ಹೇಳಿದರು.

ಒಂದು ಊರಿನಲ್ಲಿ ಬಿತ್ತನೆ ಕಾಳು ಹಸನು ಮಾಡುವ ಹೆಂಗಸೊಬ್ಬಳಿದ್ದಳು. ಮುಷ್ಟಿಯಲ್ಲಿ ಕಾಳು ಹಿಡಿದು ಉಜ್ಜಿದರೆ ಸಾಕು, ಸಾಮೆಯೋ ನವಣೆಯೋ, ಅದರಲ್ಲಿ ಬೇರೇನು ಬೆರೆತಿದೆಯೋ, ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು. ಅವಳು ಮುಟ್ಟದ ಕಾಳನ್ನು ರೈತರು ಹೊಲಕ್ಕೆ ಒಯ್ಯುತ್ತಿರಲಿಲ್ಲ. ಆ ಹೆಸರಿನಿಂದಲೇ ಅವಳ ಮನೆಯ ಒಲೆ ಉರಿಯುತ್ತಿತ್ತು.

ಅವಳಿಗೆ ಐದು ವರ್ಷದ ಮಗಳು. ಹಳೆಯ ರವಿಕೆಯ ತೋಳಿನಲ್ಲಿ ತಾಯಿ ಒಂದು ಚೀಲ ಹೊಲಿದಳು. ಒಳಗೆ ಒಂದು ಹಿಡಿ ಕಾಳು. ಕೈ ಹಾಕಿ, ನೋಡದೆ, ಏನೆಂದು ಹೇಳಬೇಕು. ಇಷ್ಟೇ ಆಟ. ಮೊದಲು ಅವರೆ, ಹುರುಳಿ. ಆಮೇಲೆ ರಾಗಿ, ಸಾಸಿವೆ. ಕೊನೆಗೆ ಕೈಗೆ ಒಂದೇ ಥರ ಸಿಗುವ ಸಣ್ಣ ಸಿರಿಧಾನ್ಯಗಳು: ಸಾಮೆ, ನವಣೆ, ಕೊರಲೆ. ಮಗಳು ಆಟ ಬಿಡಬಾರದೆಂದು ತಾಯಿ ದಿನವೂ ಬೇಕೆಂದೇ ತಪ್ಪು ಹೇಳಿ ಸೋತಳು. ಅವಳು ತಪ್ಪಿದಷ್ಟೂ ತಿದ್ದುವ ಹುಮ್ಮಸ್ಸಿನಲ್ಲಿ ಮಗಳು ಮತ್ತೆ ಮತ್ತೆ ಕೈ ಹಾಕುತ್ತಿದ್ದಳು.

ಬಿತ್ತನೆಯ ಹೊತ್ತಿಗೆ ಒಬ್ಬ ರೈತ ಮೂಟೆ ಹೊತ್ತು ಬಂದ. ಹುಡುಗಿ ಬಾಗಿಲಲ್ಲೇ ತಡೆದಳು.

"ನಮ್ಮವ್ವಂಗೆ ಕಾಳು ಗೊತ್ತಾಗಲ್ಲ ಮಾವ. ದಿನಾ ನಾನೇ ಹೇಳ್ಕೊಡೋದು."

ರೈತ ನಕ್ಕ. ಆದರೆ ಮೂಟೆ ಇಳಿಸಲಿಲ್ಲ. ವಾರದೊಳಗೆ ಮಾತು ಊರೆಲ್ಲ ಹಬ್ಬಿತು. ಅವಳ ಬೆರಳಿಗೆ ಮೊದಲಿನ ಹದ ಇಲ್ಲವಂತೆ ಎಂದರು. ಮೂಟೆಗಳು ಪಕ್ಕದೂರಿಗೆ ಹೋದವು.

ಬೇಕೆಂದೇ ಸೋತೆ ಎಂದಿದ್ದರೆ ಮುಗಿಯುತ್ತಿತ್ತು. ಮಗಳ ಮುಖ ನೋಡಿದ ಮೇಲೆ ಆ ಮಾತು ಬಾಯಿಗೆ ಬರಲಿಲ್ಲ. ಎಲ್ಲರೆದುರು ಒಂದು ಸಲ ಗೆದ್ದರೆ ಹೆಸರು ಉಳಿಯುತ್ತದೆ, ಮಗುವಿಗೆ ಒಂದು ಸೋಲು ಹೆಚ್ಚಲ್ಲ ಎಂದುಕೊಂಡಳು. ಊರವರನ್ನು ಅಂಗಳಕ್ಕೆ ಕರೆದಳು. ಯಾರದೋ ಮೂಟೆ ಬಂತು.

ತಾಯಿ ಕಣ್ಣು ಮುಚ್ಚಿದಳು. ಇಪ್ಪತ್ತು ವರ್ಷದ ಕಸುಬನ್ನೆಲ್ಲ ಬೆರಳಿಗೆ ತಂದುಕೊಂಡು ಉಜ್ಜಿದಳು.

"ಸಾಮೆ," ಎಂದಳು. "ಅಪ್ಪಟ ಸಾಮೆ."

ಹುಡುಗಿ ಕೈ ಹಾಕಿದಳು. ಬಹಳ ಹೊತ್ತು ತೆಗೆಯಲಿಲ್ಲ.

"ಅಲ್ಲ ಕಣವ್ವ, ಕೊರಲೆ ಸೇರ್ಕಂಡೈತೆ. ಒರಟೊರಟು ಸಿಗ್ತೈತೆ ನೋಡು."

ಮೊರಕ್ಕೆ ಸುರಿದು ಬಿಸಿಲಿಗೆ ಹಿಡಿದರು. ಅಲ್ಲೊಂದು ಇಲ್ಲೊಂದು ಕೊರಲೆ ಕಾಳು ಕಂಡಿತು. ಹುಡುಗಿ ಹೇಳಿದ್ದೇ ನಿಜ, ಅವಳವ್ವನಿಗೆ ಏನೂ ಗೊತ್ತಾಗಲ್ಲ ಎಂದು ಜನ ನಕ್ಕರು. ಮೂಟೆಗಳು ಮತ್ತೆ ಅದೇ ಮನೆಗೆ ಬಂದವು, ಮಗಳನ್ನು ಕೇಳಿಕೊಂಡು.

ಟೀಚರ್ ಅಷ್ಟಕ್ಕೆ ನಿಲ್ಲಿಸಿದರು.

"ಪಾಪ," ಎಂದೆ ನಾನು, "ಆ ತಾಯಿಗೆ ಎಷ್ಟು ಅವಮಾನ ಆಗಿರಬೇಕು!"

"ಅವಳು ನಿಜವಾಗಿ ಸೋತಿದ್ದು ಅದೊಂದೇ ದಿನ ಕಣಮ್ಮ, ತಾನು ಕಲಿಸಿದ ಮಗಳೇ ತನ್ನನ್ನ ಗೆದ್ದಳು ಅನ್ನೋ ಹೆಮ್ಮೆಯನ್ನ ಹೇಳಿಕೊಂಡರೆ ನಂಬುವವರು ಊರಲ್ಲಿ ಒಬ್ಬರೂ ಇರಲಿಲ್ಲ, ನೀನಾದರೂ ಅವಳ ಕತೆಯನ್ನ ನಾಲ್ಕು ಜನಕ್ಕೆ ಹೇಳು."